ಕಾಕಾನ ಮದುವೆಗಳೂ ನಾಲ್ಕು ಖಾನೆಯ ಡಬ್ಬಿಯೂ

ಇವತ್ತು ಬೆಳಿಗ್ಗೆ ಕಪಾಟಿನಿಂದ ಸೀರೆ ತೆಗೆಯುವಾಗ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಈ ವಾಸನೆಗೆ ನಿಮಗೆ ಅಜ್ಜಿಯ ಟ್ರಂಕು ನೆನಪಾಗಬಹುದು, ವರ್ಷಕ್ಕೊಮ್ಮೆ ಹೊರಬರುವ ಉಣ್ಣೆಯ ಶಾಲು ನೆನಪಾಗಬಹುದು. ನನಗೆ ಮಾತ್ರ ಕಂಪ್ಯೂಟರಿನ ಹಾರ್ಡ್ ಡಿಸ್ಕು ನೆನಪಾಗುತ್ತದೆ. ನಗಬೇಡಿ. ನಾನು ಕೈಯಲ್ಲಿ ಹಿಡಿದ ಮೊದಲ ನಾಲ್ಕು ಹಾರ್ಡ್ ಡಿಸ್ಕುಗಳು ನಮ್ಮ ಮನೆಗೆ ಬಂದದ್ದು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ, ಹಳೆಯ ಕುಬಸದ ಬಟ್ಟೆ ಸುತ್ತಿಕೊಂಡು, ನಡುನಡುವೆ ನುಸಿಗುಳಿಗೆ ಇಟ್ಟುಕೊಂಡು. ತಂದವರು ಮೌಲಾಸಾಬ ಕಾಕಾ.

"ನುಸಿಗುಳಿಗಿ ಯಾಕ್ರಿ ಕಾಕಾ?" ಎಂದು ಕೇಳಿದೆ.

"ಹುಳ ಹತ್ತಬಾರದಲ್ರಿ ಅಕ್ಕೋರ" ಎಂದರು, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ.

ಅಕ್ಕೋರು ಅಂದರೆ ನಾನು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು. ನಿವೃತ್ತಿಯಾದರೂ ಆ ಹೆಸರು ಬಿಡುವುದಿಲ್ಲ. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ನಮ್ಮ ಓಣಿಯ ತುದಿಗೆ ಕಾಕಾನ ಫೋಟೋ ಸ್ಟುಡಿಯೋ ಇತ್ತು. ಹೆಸರಿಗಷ್ಟೇ ಸ್ಟುಡಿಯೋ, ಒಳಗೆ ಹೋದರೆ ಒಂದು ಸ್ಟೂಲು, ಒಂದು ನೀಲಿ ಪರದೆ, ಊರಿಗೆಲ್ಲ ಸೇರಿ ಒಂದು ಬಾಚಣಿಕೆ. ಅವರ ನಿಜವಾದ ಕೆಲಸವಿದ್ದದ್ದು ಹೊರಗೆ, ಸುತ್ತಲ ಹಳ್ಳಿಗಳ ಮದುವೆಯ ವಿಡಿಯೋ ತೆಗೆಯುವುದರಲ್ಲಿ. ಅಕ್ಷತೆ ಬೀಳುವ ಮೊದಲು ಮದುವೆ ಮಾಡಿಸುವ ಅಯ್ಯನವರು ಒಮ್ಮೆ ಕಾಕಾನ ಕಡೆ ನೋಡುತ್ತಿದ್ದರು. ಕ್ಯಾಮರಾದ ಹಿಂದಿನಿಂದ "ಹೂಂ, ಹಾಕ್ರಿ" ಎಂಬ ದನಿ ಬಂದ ಮೇಲೆಯೇ ಮುಂದಿನ ಕೆಲಸ. ಮುಹೂರ್ತ ಪಂಚಾಂಗದಲ್ಲಿ ಎಷ್ಟೊತ್ತಿಗಾದರೂ ಇರಲಿ, ಕಾಕಾನ ಬ್ಯಾಟರಿ ತಯಾರಾದಾಗಲೇ ಅದು ಕೂಡಿಬರುತ್ತಿತ್ತು.

ಅವರ ಜೊತೆಗೆ ಯಾವಾಗಲೂ ಬೀಬಿಜಾನ ಕಾಕೂ ಇರುತ್ತಿದ್ದರು, ಕಾಕಾನ ಹೆಂಡತಿ. ವಿಡಿಯೋದ ದೊಡ್ಡ ಲೈಟು ಹಿಡಿಯುವುದು ಅವರ ಪಾಲಿನ ಕೆಲಸ. ಮದುಮಗಳ ಕೋಣೆಗೆ ಗಂಡಸರು ಲೈಟು ಹಿಡಿದುಕೊಂಡು ಹೋದರೆ ಹೆಣ್ಣುಮಕ್ಕಳಿಗೆ ಸಂಕೋಚವಾಗುತ್ತದೆಂದು ಒಮ್ಮೆ ಕರೆದುಕೊಂಡು ಹೋದದ್ದು, ಆಮೇಲೆ ಎಷ್ಟೋ ವರ್ಷ ಅವರಿಲ್ಲದೆ ಕ್ಯಾಮರಾವೇ ಮನೆಬಿಟ್ಟು ಹೊರಡುತ್ತಿರಲಿಲ್ಲ. ಕಾಕೂ ತೀರಿಕೊಂಡು ಈಗ ಬಹಳ ವರ್ಷವಾಯಿತು.

ಈ ಉದ್ಯೋಗದಲ್ಲಿ ನನ್ನದೂ ಒಂದು ಸಣ್ಣ ಪಾಲಿತ್ತು. ವಿಡಿಯೋದ ಶುರುವಿಗೆ ಹೂವಿನ ಚಿತ್ರದ ಮೇಲೆ ತೇಲಿ ಬರುವ ಅಕ್ಷರಗಳಿವೆಯಲ್ಲ, ವಧು, ವರ, ಸ್ಥಳ, ಹಾರೈಕೆ, ಅವನ್ನು ಬರೆದುಕೊಡುತ್ತಿದ್ದವಳು ನಾನು. ಮೊದಮೊದಲು ಕಾಗದದ ಮೇಲೆ ಬರೆದುಕೊಡುತ್ತಿದ್ದೆ. ಕಾಕಾ ಕಂಪ್ಯೂಟರು ತಂದ ಮೇಲೆ ನಾನೇ ಟೈಪು ಮಾಡತೊಡಗಿದೆ. ಒಂದು ಮದುವೆಯಲ್ಲಿ 'ನವ ವಧು' ಎಂದು ಬರೆಯುವಾಗ ಧಕಾರದ ಕೊಂಬು ಬಿಟ್ಟುಹೋಗಿ 'ನವ ವಧ' ಆಯಿತು. ಹುಡುಗಿಯ ಮನೆಯವರು, ಹುಡುಗನ ಮನೆಯವರು, ಎರಡೂ ಊರಿನ ಬೀಗರು ಕೂತು ನೋಡಿದರು, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನನಗೊಬ್ಬಳಿಗೆ, ಅದೂ ವಾರದ ಮೇಲೆ. ಓಡಿಹೋಗಿ ಹೇಳಿದರೆ ಕಾಕಾ ಕ್ಯಾಮರಾ ಒರೆಸುತ್ತ, "ಇರ್ಲಿ ಬಿಡ್ರಿ ಅಕ್ಕೋರ, ಇನ್ನ ಹತ್ತ ವರ್ಷಕ್ಕ ಅವ್ರಿಗೂ ಅದು ಬರಾಬರಿ ಐತಿ ಅನಸ್ತೈತಿ" ಎಂದರು. ಹಿಂದಿನಿಂದ ಕಾಕೂ ಅವರ ಬೆನ್ನಿಗೊಂದು ಗುದ್ದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಕಾಕಾ ತೆಗೆದದ್ದನ್ನು ಯಾವತ್ತೂ ಅಳಿಸುತ್ತಿರಲಿಲ್ಲ. ಬೇರೆಯವರು ಮದುವೆಯ ವಿಡಿಯೋ ಜೋಡಿಸಿ ಕೊಟ್ಟ ಮೇಲೆ ಮೂಲವನ್ನು ಒರೆಸಿ ಅದರ ಮೇಲೆ ಮುಂದಿನ ಮದುವೆ ಹತ್ತಿಸುತ್ತಿದ್ದರು. ಕಾಕಾ ಒಂದು ಡಿಸ್ಕು ತುಂಬಿದರೆ ಅದನ್ನು ಬಿಚ್ಚಿ, ಬಣ್ಣದ ದಾರ ಕಟ್ಟಿ, ತಗಡಿನ ಡಬ್ಬಿಗೆ ಹಾಕಿ ಹೊಸದನ್ನು ತರುತ್ತಿದ್ದರು. ಹಸಿರು ದಾರ, ಕೆಂಪು ದಾರ, ಹಳದಿ, ಬಿಳಿ. ಮೇಲೆ ಹೆಸರು ಬರೆದದ್ದಿಲ್ಲ, ಯಾವುದರಲ್ಲಿ ಯಾರು ಎಂಬುದೆಲ್ಲ ಅವರ ತಲೆಯಲ್ಲಿ. ಹೀಗಾಗಿ ಊರಮಂದಿಗೆ ಏನಾದರೂ ಬೇಕಾದರೆ ಅವರ ಹತ್ತಿರ ಬರುತ್ತಿದ್ದರು. ಒಬ್ಬ ಒಕ್ಕಲಿಗ ಬಂದು, "ನಮ್ಮಪ್ಪನ ಫೋಟೋ ಐತ್ರಿ, ಆದ್ರ ಅಂವ ನಡದಾಡೂದು ನೋಡಬೇಕಾಗೇತಿ" ಎಂದು ಕೂತಿದ್ದ. ಕಾಕಾ ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, "ನಿಮ್ಮ ಬಾಜೂ ಮನಿ ಮದವ್ಯಾಗ ಬುಂದೆ ಬಡಸ್ಕೋತ ಬಂದಾನ, ಎರಡನೇ ಸಾಲಿನ್ಯಾಗ" ಎಂದು ಹುಡುಕಿ ತೋರಿಸಿದರು. ಆ ಮನುಷ್ಯ ತನ್ನ ಅಪ್ಪ ಬುಂದೆಯ ಬುಟ್ಟಿ ಹಿಡಿದು ಹತ್ತು ಹೆಜ್ಜೆ ನಡೆಯುವುದನ್ನು ನಾಲ್ಕು ಸಲ ನೋಡಿ, ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಎದ್ದುಹೋದ.

ಕಣ್ಣಿಗೆ ಪೊರೆ ಬಂದು ಕಾಕಾ ಸ್ಟುಡಿಯೋ ಮುಚ್ಚಿದಾಗ, ಅಂದರೆ ಎರಡು ವರ್ಷದ ಹಿಂದೆ, ಆ ನಾಲ್ಕು ಡಿಸ್ಕುಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು. ಅವರ ಹಳೆಯ ಕಂಪ್ಯೂಟರು ಆಗಲೇ ಕಣ್ಣುಮುಚ್ಚಿತ್ತು. ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ನಿಮ್ಮ ಮನ್ಯಾಗ ಕಂಪ್ಯೂಟರ್ ಐತಿ, ಇನ್ವರ್ಟರ್ ಐತಿ, ಮ್ಯಾಲ ನೀವು ಓದಿದವ್ರು. ಯಾರರ ಕೇಳಾಕ ಬಂದ್ರ ಹಚ್ಚಿ ತೋರಸ್ರಿ."

ನಾನು ಓದಿದ್ದು ಹಳಗನ್ನಡ ಎಂದು ಹೇಳಬೇಕೆನ್ನಿಸಿತು. ಆದರೆ ದೊಡ್ಡ ಮನುಷ್ಯರು ನಂಬಿಕೆಯಿಟ್ಟು ಬಂದಿದ್ದಾರೆ. ಹೂಂ ಅಂದುಬಿಟ್ಟೆ.

ನಾಲ್ಕು ಡಿಸ್ಕುಗಳನ್ನು ಒಟ್ಟಿಗೆ ಇಟ್ಟು ಒಂದೇ ವೈರಿನಿಂದ ಕಂಪ್ಯೂಟರಿಗೆ ಜೋಡಿಸುವ ಡಬ್ಬಿ ಸಿಗುತ್ತದೆ ಎಂದು ಫೋನಿನಲ್ಲಿ ಹುಡುಕಿದಾಗ ತಿಳಿಯಿತು. ಅಂಥದೊಂದು ವಸ್ತು ಲೋಕದಲ್ಲಿದೆಯೆಂದು ಗೊತ್ತಾದ ಹತ್ತು ನಿಮಿಷದಲ್ಲಿ ನಾನು ಅದರ ವಿಷಯದಲ್ಲಿ ಪಂಡಿತೆಯಾಗಿಬಿಟ್ಟೆ. ಫೋನಿನ ಗುಣವೇ ಅದು. ಚಿತ್ರದಲ್ಲಿ ಅಗದಿ ಚೆಂದ ಕಾಣುತ್ತಿದ್ದ, ಕರಂಟಿಗೆ ಬೇರೆ ವೈರೂ ಬೇಡದ ಒಂದು ಪುಟ್ಟ ಡಬ್ಬಿಯನ್ನು ತರಿಸಿದೆ. ನಾಲ್ಕು ದಿನಕ್ಕೆ ಬಂತು. ಬಿಚ್ಚಿದೆ. ಕಾಕಾನ ಡಿಸ್ಕನ್ನು ಖಾನೆಗೆ ಹಾಕಲು ಹೋದೆ. ಚಪಾತಿಯ ಡಬ್ಬಿಗೆ ಜೋಳದ ರೊಟ್ಟಿ ತುರುಕಲು ಹೋದ ಹಾಗಾಯಿತು. ಅದು ಲ್ಯಾಪ್‌ಟಾಪಿನ ಸಣ್ಣ ಡಿಸ್ಕುಗಳಿಗೆ ಮಾಡಿದ ಡಬ್ಬಿಯಂತೆ. ಕಾಕಾನವು ಟೇಬಲ್ಲಿನ ಮೇಲಿನ ಕಂಪ್ಯೂಟರಿನ ದೊಡ್ಡ ಡಿಸ್ಕುಗಳು. ಅವುಗಳಿಗೆ ಜಾಗವೂ ಹೆಚ್ಚು ಬೇಕು, ಕರಂಟೂ ಹೆಚ್ಚು ಬೇಕು. ಡಬ್ಬಿ ಬಂದ ದಾರಿಯಲ್ಲೇ ವಾಪಸು ಹೋಯಿತು.

"ಅಳತಿ ತಗೊಳ್ಳದ ಕುಬಸ ಹೊಲಸಿದಂಗ ಆತಿದು" ಎಂದರು ನಮ್ಮ ಮನೆಯವರು. ಈ ಸಲ ಹುಬ್ಬಳ್ಳಿಗೇ ಹೋಗಿ, ಕಣ್ಣಿಂದ ಕಂಡು ತರುವುದೆಂದು ಕಾಕಾ, ನಮ್ಮ ಮನೆಯವರು, ನಾನು ಮೂವರೂ ಹೊರಟೆವು. ಡಿಸ್ಕುಗಳನ್ನೂ ಅಳತೆಗೆಂದು ಜೊತೆಗೆ ಒಯ್ದೆವು.

ಅಂಗಡಿಯ ಮಾಲೀಕರು ಕನ್ನಡಕವನ್ನು ಹಣೆಗೇರಿಸಿಕೊಂಡ ಸಮಾಧಾನದ ಮನುಷ್ಯ. ತಗಡಿನ ಡಬ್ಬಿ ತೆರೆದದ್ದೇ ನುಸಿಗುಳಿಗೆಯ ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮೂರು ನಮೂನೆಯ ಡಬ್ಬಿಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟರು.

ಮೊದಲನೆಯದಕ್ಕೆ ಮೇಲುಗಡೆ ಬಾಯಿ ತೆರೆದಿತ್ತು. ಡಿಸ್ಕುಗಳನ್ನು ನಿಲ್ಲಿಸಿದರೆ ಅರ್ಧ ಮೈ ಹೊರಗೇ ಇರುತ್ತದೆ. ಕಾಕಾನಿಗೆ ಅದು ಬಹಳ ಹಿಡಿಸಿತು. ಅವು ಕಣ್ಣಿಗೆ ಕಾಣುತ್ತಿರಬೇಕು ಎಂಬುದು ಅವರ ವಾದ. ಮಾಲೀಕರು ತಲೆಯಾಡಿಸಿದರು. "ನಿಮ್ಮ ಕಡೆ ಎರಿ ಮಣ್ಣಿನ ಧೂಳ ಭಾಳ್ರಿ ಅಜ್ಜಾರ. ಕಡ್ಲಿ ರಾಶಿ ಟೈಮಿಗೆ ಇದರ ಬಾಯಾಗ ಅರ್ಧ ಹೊಲಾನ ಕೂಡತೈತಿ."

ಎರಡನೆಯದು ಸುತ್ತಲೂ ಮುಚ್ಚಿದ್ದು, ಒಳಗೆ ಫ್ಯಾನಿಲ್ಲದ್ದು, ಸದ್ದಿಲ್ಲದ್ದು. ಅದು ನಮ್ಮ ಮನೆಯವರ ಆಯ್ಕೆ. ಅವರು ಹೊಲದಿಂದ ಬಂದು ಊಟ ಮಾಡಿ ಮಧ್ಯಾಹ್ನ ಮಲಗುವುದು ಆ ಕಂಪ್ಯೂಟರಿನ ಪಕ್ಕದ ಮಂಚದ ಮೇಲೆಯೇ. "ನಾಕು ಡಿಸ್ಕ್ ಕೂಡಿ ಓಡಿದ್ರ ಇದರ ಮ್ಯಾಲ ರೊಟ್ಟಿ ಬಿಸಿ ಮಾಡಬಹುದ್ರಿ. ಡಿಸ್ಕ್ ಬಾಳಿಕಿ ಬರೂದಿಲ್ಲ" ಎಂದರು ಮಾಲೀಕರು. ರೊಟ್ಟಿ ಬಿಸಿಯಾಗುವುದು ನಮ್ಮ ಮನೆಯವರಿಗೆ ಕೊರತೆಯಾಗಿ ಕಾಣಲಿಲ್ಲ. ನಾನು ಕಣ್ಣು ಬಿಟ್ಟ ಮೇಲೆ ಸುಮ್ಮನಾದರು.

ಮೂರನೆಯದು ಲೋಹದ ಮೈ, ಮುಂದೆ ಬಾಗಿಲು, ಹಿಂದೆ ಅಂಗೈಯಷ್ಟು ಫ್ಯಾನು, ಒಳಗೆ ನಾಲ್ಕು ಖಾನೆ. ಕಾಕಾನ ಡಿಸ್ಕುಗಳು ಅದರೊಳಗೆ ಕಪಾಟಿನಲ್ಲಿ ಇಟ್ಟ ಪುಸ್ತಕದ ಹಾಗೆ ಕೂತವು.

"ಇದರಾಗ ರೇಡ್ ಸುದ್ದಾ ಐತ್ರಿ" ಎಂದರು ಮಾಲೀಕರು.

ಕಾಕಾ ನೆಟ್ಟಗಾದರು. "ರೇಡ್ ಗೀಡ್ ಬ್ಯಾಡ್ರಿ. ನಾವು ಮರ್ಯಾದಸ್ತ ಮಂದಿ."

"ಅದಲ್ರಿ ಅಜ್ಜಾರ" ಎಂದು ಮಾಲೀಕರು ನಕ್ಕು ಬಿಡಿಸಿ ಹೇಳಿದರು. ಒಂದು ಡಿಸ್ಕಿನಲ್ಲಿ ಬರೆದದ್ದನ್ನು ಇನ್ನೊಂದರಲ್ಲೂ ಡಬ್ಬಿ ತಾನಾಗಿಯೇ ಬರೆದಿಡುತ್ತದೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ, ಅದಕ್ಕೆ ರೇಡ್ ಎಂದು ಹೆಸರು. ಇಷ್ಟು ಹೇಳಿ, "ಆದ್ರ ಹಿಂದ ಒಂದು ಗುಂಡಿ ಐತಿ ನೋಡ್ರಿ, ಹಳೇ ಡಿಸ್ಕ್ ಹಾಕೂದಿದ್ರ ಮದಲ ಅದನ್ನ..." ಎಂದು ಶುರುಮಾಡಿದರು.

ಅವರು ಮುಂದೆ ಏನು ಹೇಳಿದರು ಎಂಬುದನ್ನು ನಿಮಗೆ ಹೇಳಲಾರೆ, ಯಾಕೆಂದರೆ ನಾನು ಕೇಳಿಸಿಕೊಳ್ಳಲಿಲ್ಲ. ಆ ಡಬ್ಬಿ ಕಪ್ಪಿನಲ್ಲೂ ಬೂದಿ ಬಣ್ಣದಲ್ಲೂ ಇತ್ತು. ನಮ್ಮ ಟೇಬಲ್ಲಿಗೆ ಯಾವುದು ಒಪ್ಪುತ್ತದೆಂದು ನಾನು ಎರಡನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ "ಲಕ್ಷ್ಯ ಎಲ್ಲೈತಿ?" ಎಂದು ಕಿವಿ ಹಿಂಡಿದವಳು ನಾನೇ. ಬೂದಿ ಬಣ್ಣದ್ದನ್ನು ತಂದೆವು.

ಮರುದಿನ ಬೆಳಿಗ್ಗೆ ಮಿಂದು, ಮಡಿ ಸೀರೆ ಉಟ್ಟು, ಪೂಜೆಗೆ ಕೂತಂತೆ ಕಂಪ್ಯೂಟರಿನ ಮುಂದೆ ಕೂತೆ. ಮೊದಲು ಒಂದನ್ನೇ ಹಾಕಿ ನೋಡೋಣವೆಂದು ಹಸಿರು ದಾರದ ಡಿಸ್ಕನ್ನು ಖಾನೆಗೆ ಜಾರಿಸಿದೆ. ಫ್ಯಾನು ಗುಂಯ್ ಎಂದಿತು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಇಂಗ್ಲಿಷಿನಲ್ಲಿತ್ತು. ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕಾಗುತ್ತದೆ, ಮಾಡಲೇ? ಎಂಬುದು ತಾತ್ಪರ್ಯ.

ಫಾರ್ಮ್ಯಾಟ್ ಎಂದರೆ ನನಗೆ ಗೊತ್ತಿದ್ದದ್ದು ಇಲಾಖೆಯವರು ಶಾಲೆಗೆ ಕಳಿಸುವ ನಮೂನೆ. ತುಂಬಿ ಕಳಿಸದಿದ್ದರೆ ಅವರು ಮತ್ತೆ ಮತ್ತೆ ಕೇಳುತ್ತಾರೆ, ಮುಂದಿನ ಯಾವ ಕೆಲಸವನ್ನೂ ಮಾಡಿಕೊಡುವುದಿಲ್ಲ. ಇದೂ ಅಂಥದೇ ಇರಬೇಕೆಂದು 'ಹೌದು' ಒತ್ತಿದೆ. ಇನ್ನೊಂದು ಪ್ರಶ್ನೆ ಬಂತು. ಇಲಾಖೆಯವರೂ ಹಾಗೇ, ಎರಡು ಪ್ರತಿ ಕೇಳುತ್ತಾರೆ. ಓದದೆ ಅದಕ್ಕೂ ಹೌದೆಂದೆ. ನೋಡುನೋಡುತ್ತಿದ್ದಂತೆ ಡಿಸ್ಕು ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ. ಸಾರಿಸಿದ ಅಂಗಳದ ಹಾಗೆ ಸ್ವಚ್ಛ.

ಮೊದಲು ನನಗೆ ಹೆದರಿಕೆಯೂ ಆಗಲಿಲ್ಲ. ಮದುವೆಗಳು ಇನ್ನೂ ದಾರಿಯಲ್ಲಿವೆ, ಬರುತ್ತವೆ ಎಂದು ಚಹಾ ಮಾಡಿಕೊಂಡು ಬಂದು ಕಾದೆ. ಚಹಾ ಮುಗಿದರೂ ಯಾವುದೂ ಬರಲಿಲ್ಲ. ಆಗ ಶಬಾನಾಳಿಗೆ ಫೋನು ಮಾಡಿದೆ. ಶಬಾನಾ ಕಾಕಾನ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಈಗ ನವಲಗುಂದದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಡೆದದ್ದನ್ನೆಲ್ಲ ಹೇಳಿದೆ.

"ಅಕ್ಕೋರ, ಕೈ ತಗೀರಿ. ಏನೂ ಮುಟ್ಟಬ್ಯಾಡ್ರಿ. ಹೊಸಾದು ಒಂದ ಅಕ್ಷರನೂ ಅದರ ಮ್ಯಾಲ ಹಾಕಬ್ಯಾಡ್ರಿ. ಸಾವಕಾಶ ಬಂದ್ ಮಾಡಿ ಡಿಸ್ಕ್ ಹೊರಗ ತಗದಿಡ್ರಿ. ಐತವಾರ ನಾ ಬರ್ತೀನಿ."

"ಹೋದದ್ದು ಬರತೈತೇನವಾ?"

"ನೋಡೂಣ್ರಿ. ಮ್ಯಾಲಿನ ಪಟ್ಟಿ ಅಷ್ಟ ಹೋಗಿರತೈತಿ, ಒಳಗಿನ ಸಾಮಾನು ಇರಬಹುದು." ಆಮೇಲೆ, "ಅಬ್ಬಾಗ ಮಾತ್ರ ನೀವ ಹೇಳ್ರಿ. ಅದು ನನ್ನ ಕೈಲೆ ಆಗೂದಿಲ್ಲ" ಎಂದಳು.

ಹೇಳಬೇಕಾದವಳು ಎರಡು ದಿನ ಹೇಳದೆ ಕಳೆದೆ. ಕಾಕಾನ ಮನೆಯ ಮುಂದಿನ ದಾರಿ ಬಿಟ್ಟು, ಸುತ್ತುಹಾಕಿ ಸಂತೆಗೆ ಹೋದೆ. ಮನೆಪಾಠ ಮಾಡದ ಮಕ್ಕಳು ಸ್ಟಾಫ್ ರೂಮಿನ ಮುಂದೆ ತಲೆ ಬಗ್ಗಿಸಿ ಓಡುತ್ತಿದ್ದುದು ಯಾಕೆಂದು ಆಗ ಅರ್ಥವಾಯಿತು. ಮೂರನೆಯ ದಿನ, ಕಾಕಾ ಅವರಾಗಿಯೇ ಡಬ್ಬಿ ನೋಡಲು ಬಂದುಬಿಟ್ಟರೆ ಎಂಬ ಭಯಕ್ಕೆ ನಾನೇ ಹೊರಟೆ.

ಕಾಕಾ ಕಟ್ಟೆಯ ಮೇಲೆ ಕೂತು ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಪೊರೆ ಬಂದ ಕಣ್ಣಿಗೆ ಬೆರಳೇ ದಾರಿ ತೋರಿಸುತ್ತಿತ್ತು.

"ಬರ್ರಿ ಅಕ್ಕೋರ. ಡಬ್ಬಿ ಹೆಂಗ ಐತಿ?"

"ಡಬ್ಬಿ ಚಲೋ ಐತ್ರಿ ಕಾಕಾ."

"ಮತ್ತ ನಿಮ್ಮ ಧ್ವನಿ ಯಾಕ ಹಂಗಾಗೇತಿ?"

ಒಂದೇ ಉಸಿರಿಗೆ ಹೇಳಿದೆ. ಪ್ರಶ್ನೆ ಬಂದದ್ದು, ನಾನು ಹೌದೆಂದದ್ದು, ಮತ್ತೆ ಹೌದೆಂದದ್ದು. ಕಾಕಾ ಇನ್ನೆರಡು ಮೆಣಸಿನಕಾಯಿಯ ತೊಟ್ಟು ಬಿಡಿಸಿದರು.

"ಯಾವ ದಾರದ್ದು?"

"ಹಸರ ದಾರದ್ದು."

ಅವರ ಕೈ ನಿಂತಿತು. "ಅದ್ರಾಗ ನಿಮ್ಮ ಕಾಕೂ ಅದಾಳ" ಎಂದರು.

ನನಗೆ ತಿಳಿಯಲಿಲ್ಲ. ಕಾಕೂ ಜೀವಮಾನವಿಡೀ ಲೈಟಿನ ಹಿಂದೆ ನಿಂತವರು. ಒಂದು ದಿನವೂ ಕ್ಯಾಮರಾಕ್ಕೆ ಮುಖ ತೋರಿಸಿದವರಲ್ಲ.

"ಮಾರಿ ಅಲ್ರಿ, ಧ್ವನಿ. ಲೈಟ್ ಹಿಡಕೊಂಡು ಅಕಿ ನನ್ನ ಬಾಜೂಕ ನಿಂತಿರ್ತಿದ್ಲು. ಕ್ಯಾಮರಾಕ್ಕ ಮದಲ ಕೇಳೂದು ಅಕಿ ಮಾತು. ಮಂದಿಗೆ ಕೊಡೂ ವಿಡಿಯೋದಾಗ ಅದನ್ನೆಲ್ಲ ತಗದು ಶಹನಾಯಿ ಹಾಕ್ತಿದ್ನಿ. ಲೈಟ್ ಹಿಡದಾಕಿ ಮಾತು ಯಾರಿಗೆ ಬೇಕ್ರಿ? ಏನೂ ಅಳಸೂದಿಲ್ಲ ಅಂತ ಊರಾಗ ಹೆಸರು ನಂದು. ಅಕಿ ಧ್ವನಿ ನನ್ನ ಕೈಲೇನ ಎಷ್ಟ ಸಲ ಅಳಸೇನಿ, ಲೆಕ್ಕಿಲ್ಲ. ಮೂಲದಾಗಷ್ಟ ಉಳದಿತ್ತು."

"ಉಳಿದ ಮೂರು ಡಿಸ್ಕಿನ್ಯಾಗ ಇರಬೇಕಲ್ರಿ?"

"ಹಸರದ್ದು ಮದಲನೇದು. ಅದು ಮುಗ್ಯೂದ್ರಾಗ ಅಕಿಗೆ ಮೊಣಕಾಲು ಹಿಡಕೊಂಡ್ವು. ಮುಂದ ಲೈಟ್ ಸ್ಟ್ಯಾಂಡಿನ ಮ್ಯಾಲ ಇಟ್ನಿ." ಕಾಕಾ ನಿಟ್ಟುಸಿರು ಬಿಟ್ಟರು. "ಸ್ಟ್ಯಾಂಡ್ ಮಾತಾಡೂದಿಲ್ಲ ನೋಡ್ರಿ."

ಬೈಯಲಿ ಎಂದು ಕಾದೆ. ಅವರು ಬುಟ್ಟಿಯನ್ನು ನನ್ನ ಕಡೆ ಸರಿಸಿ, "ಕುಂದರ್ರಿ. ಸುಮ್ನ ನಿಂತ್ರ ಏನ ಬರತೈತಿ" ಎಂದರು. ಕೂತು ಒಂದು ಗಂಟೆ ಮೆಣಸಿನಕಾಯಿ ಬಿಡಿಸಿದೆ. ಆ ಕೈಯಿಂದ ಕಣ್ಣೊರೆಸಿಕೊಳ್ಳಬಾರದಿತ್ತು. ಒರೆಸಿಕೊಂಡೆ. ಕಾಕಾ ಒಳಗೆ ಹೋಗಿ ತಂಬಿಗೆಯಲ್ಲಿ ತಣ್ಣೀರು ತಂದುಕೊಟ್ಟರು.

ಭಾನುವಾರ ಶಬಾನಾ ಬಂದಳು. ಡಬ್ಬಿಯ ಹಿಂದಿನ ಗುಂಡಿಯನ್ನು ಬೆರಳಿನಿಂದ ತೋರಿಸಿದಳು. ಅದು ಜೋಡಿ ನಕಲಿನ ಕಡೆ ತಿರುಗಿತ್ತು. ಹಳೆಯ ಡಿಸ್ಕು ಹಾಕುವಾಗ ಒಂದೊಂದೂ ಬೇರೆ ಬೇರೆ ಎಂಬ ಕಡೆ ಇರಬೇಕಿತ್ತಂತೆ. ಅಂಗಡಿಯವರು ಹೇಳಿದ್ದು ಅದನ್ನೇ ಇರಬೇಕು. "ಬಣ್ಣ ಮಾತ್ರ ಚಲೋ ಆರಸೀರಿ ಅಕ್ಕೋರ" ಎಂದಳು. ಕಲಿಸಿದ ಗುರುವಿಗೆ ಶಿಷ್ಯೆಯಿಂದ ಇದಕ್ಕಿಂತ ಮೆತ್ತಗಿನ ಏಟು ಬೀಳಲಾರದು.

ಕಳೆದದ್ದನ್ನು ಹುಡುಕಿಕೊಡುವ ಒಂದು ಪ್ರೋಗ್ರಾಮು ಹಚ್ಚಿಟ್ಟು ಹೋದಳು. ಹೊಸದೊಂದು ಖಾಲಿ ಡಿಸ್ಕಿಗೆ ಅದು ಎರಡು ದಿನ ಹನಿಹನಿಯಾಗಿ ಇಳಿಸಿತು. ನಮ್ಮ ಮನೆಯವರು ಆ ಎರಡು ದಿನ ಕಡಲೆಯ ಹೊಲದ ಬದುವಿನ ಮೇಲೆ, ಬೇವಿನ ಗಿಡದ ಕೆಳಗೆ ಮಲಗಿದರು. ಸದ್ದಿಗೆ ಬೇಸತ್ತಲ್ಲ, ಓಡಾಡುವಾಗ ಕಾಲಿಗೆ ವೈರು ತಗುಲಿ ಕಿತ್ತುಬಂದರೆ ಎಂಬ ಭಯಕ್ಕೆ.

ಬಹುಪಾಲು ವಾಪಸು ಬಂತು. ಕೆಲವು ನಡುವೆ ಹರಿದಿದ್ದವು, ಕೆಲವು ತೆರೆಯಲೇ ಇಲ್ಲ. ಆದರೆ ಬಂದವುಗಳಿಗೆ ಹೆಸರಿರಲಿಲ್ಲ. ಯಾವ ಮದುವೆ, ಯಾವ ಊರು, ಎಲ್ಲ ಕಲಸಿ ಸಾವಿರಾರು ತುಣುಕು, ಒಂದೊಂದಕ್ಕೂ ಬರೀ ನಂಬರು. ಕಾಕಾನನ್ನು ಕರೆದುಕೊಂಡು ಬಂದು ಪರದೆಯ ಮುಂದೆ ಕೂರಿಸಿದೆ. ಪೊರೆಯ ಕಣ್ಣಿಗೆ ಸರಿಯಾಗಿ ಕಾಣದು. ಹಾಗಾಗಿ ನಾನು ನೋಡಿದ್ದನ್ನು ಹೇಳುವುದು, ಅವರು ಊರು ಹೇಳುವುದು ಎಂದು ಶುರುವಾಯಿತು.

"ಮದುಮಗ ಕಂದು ಬಣ್ಣದ ಕೋಟು ಹಾಕ್ಯಾನ್ರಿ."

"ಎಡಗಡೆ ಕಿಸೆಕ್ಕ ಗುಂಡಿ ಇಲ್ಲಲ್ಲ? ಹಂಗಿದ್ರ ಅದು ಬಾಡಿಗಿ ಕೋಟು. ಆ ವರ್ಷ ನಾಕು ಮದುಮಕ್ಕಳು ಅದನ್ನ ಹಾಕ್ಕೊಂಡಾರ. ತೋಳು ಗಿಡ್ಡ ಆಗೇತೇನು?"

"ಹೂಂನ್ರಿ, ಮಣಿಕಟ್ಟು ಕಾಣತೈತಿ."

"ದೇವಿಕೊಪ್ಪದಾಂವ. ಉದ್ದಾನ ಮನಶ್ಯಾ."

ಹೀಗೆ ವಾರಕ್ಕೆರಡು ಮಧ್ಯಾಹ್ನ ಕೂತೆವು. ಮೊದಲ ದಿನ ಸ್ಪೀಕರಿನ ದನಿ ನಾನು ಬೇಕೆಂದೇ ಸಣ್ಣಗೆ ಇಟ್ಟಿದ್ದೆ. ಎರಡನೆಯ ದಿನ ಕಾಕಾ ತಾವಾಗಿಯೇ, "ಜೋರ ಮಾಡ್ರಿ" ಎಂದರು. ಪರದೆಯ ಮೇಲೆ ಒಬ್ಬ ಮದುಮಗಳು ತಲೆ ತಗ್ಗಿಸಿ ಕೂತಿದ್ದಳು. ಬೆಳಕು ಅವಳ ಮೇಲೆ ಒಮ್ಮೆ ಹೊರಳಿತು. ಆಮೇಲೆ ಕಿವಿಯ ಪಕ್ಕದಲ್ಲೇ ಮಾತಾಡಿದ ಹಾಗೆ ಕಾಕೂನ ದನಿ:

"ಏ ತಂಗಿ, ಮಾರಿ ಮ್ಯಾಲ ಮಾಡವಾ. ನಿನ್ನ ಮದವಿ ಆಗಾಂವ ನೆಲದಾಗಿಲ್ಲ."

ಪರದೆಯ ಮೇಲಿನ ಹುಡುಗಿ ಫಕ್ಕನೆ ನಕ್ಕಳು. ಇಷ್ಟು ವರ್ಷ ಆ ನಗುವಿನ ಮೇಲೆ ಶಹನಾಯಿ ಊದುತ್ತಿತ್ತು. ಅವಳು ಯಾಕೆ ನಕ್ಕಳೆಂದು ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಕಾಕೂನದೇ ದನಿ, ಈ ಸಲ ಕಾಕಾನಿಗೆ: "ನೀವೇನ ನೋಡಾಕತ್ತೀರಿ ಹಲ್ಲ ಕಿಸದು? ಅಕಿನ್ನ ತಗೀರಿ."

ಕಾಕಾ ಜೋರಾಗಿ ನಕ್ಕರು. ನಗುತ್ತ ನಗುತ್ತ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡರು. ಒಳಗಿನಿಂದ ನಮ್ಮ ಮನೆಯವರು ಏನಾಯಿತೆಂದು ಬಂದವರು ಬಾಗಿಲಲ್ಲೇ ನಿಂತು, ಸದ್ದಿಲ್ಲದೆ ತಿರುಗಿ ಹೋದರು. ಆ ತುಣುಕಿಗೆ ಏನು ಹೆಸರು ಕೊಡಲಿ ಎಂದು ಆಮೇಲೆ ಕೇಳಿದೆ. ಊರಿನ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ. "ಲೈಟ್ ಬೀಬಿಜಾನದು ಅಂತ ಬರೀರಿ" ಎಂದರು. ಬರೆದೆ. ಈ ಸಲ ಒಂದು ಕೊಂಬೂ ಬಿಡಲಿಲ್ಲ.

ನಡುವೆ ಕಾಕಾನ ಕಣ್ಣಿನ ಆಪರೇಷನ್ ಆಯಿತು, ಕೆಲಸ ಬೇಗ ಬೇಗ ಸಾಗಿತು. ಈ ತಿಂಗಳು ಹಸಿರು ದಾರದ್ದಷ್ಟೇ ಅಲ್ಲ, ನಾಲ್ಕಕ್ಕೂ ಊರು, ಹೆಸರು, ಪಟ್ಟಿ ಎಲ್ಲ ಮುಗಿಯಿತು. ಡಬ್ಬಿಯ ಗುಂಡಿಯ ಮೇಲೆ ಅಂಟುಪಟ್ಟಿ ಹಚ್ಚಿದ್ದೇನೆ, ಇನ್ನು ಅದನ್ನು ದೇವರು ಬಂದರೂ ತಿರುಗಿಸಲಾರ. ಡಬ್ಬಿ ಕೊಳ್ಳಲು ಹೊರಟವರು ಯಾರಾದರೂ ಈಗ ನನ್ನನ್ನು ಕೇಳಿದರೆ, ಮೊದಲು ನಿಮ್ಮ ಡಿಸ್ಕಿನ ಅಳತೆ ನೋಡಿರಿ, ಆಮೇಲೆ ಫ್ಯಾನು ನೋಡಿರಿ, ಬಣ್ಣವನ್ನು ಕೊನೆಗೆ ನೋಡಿರಿ, ಅಂಗಡಿಯವರು ಮಾತಾಡುವಾಗ ಅವರ ಬಾಯಿ ನೋಡಿರಿ ಎನ್ನುತ್ತೇನೆ. ಶಬಾನಾ ಇದಕ್ಕೆ ಇನ್ನೊಂದನ್ನು ಸೇರಿಸಿದಳು. ಎಷ್ಟು ಖಾನೆಯಿದ್ದರೂ ಡಬ್ಬಿ ಒಂದೇ, ಅದಿರುವ ಮನೆಯೂ ಒಂದೇ. ಬೆಂಕಿ ಬಿದ್ದರೆ, ಸಿಡಿಲು ಬಡಿದರೆ, ಅಕ್ಕೋರು ಇನ್ನೊಮ್ಮೆ ಹೌದೆಂದರೆ, ಎಲ್ಲ ಒಟ್ಟಿಗೇ ಹೋಗುತ್ತವೆ. ಇನ್ನೊಂದು ಪ್ರತಿ ಬೇರೆ ಊರಿನ ಬೇರೆ ಮನೆಯಲ್ಲಿರಬೇಕು. ಹಾಗಾಗಿ ಎರಡು ಖಾನೆಯ ಇನ್ನೊಂದು ಡಬ್ಬಿ ಬಂತು. ನಾಲ್ಕರದ್ದೂ ನಕಲು ಎರಡು ದೊಡ್ಡ ಡಿಸ್ಕಿಗೆ ಇಳಿಯಿತು. ಅದನ್ನು ನವಲಗುಂದಕ್ಕೆ, ಶಬಾನಾಳ ಮನೆಗೆ ಮುಟ್ಟಿಸಲು ಇವತ್ತು ಮಧ್ಯಾಹ್ನ ಕಾಕಾ ಮತ್ತು ನಾನು ಬಸ್ಸು ಹತ್ತಿದೆವು. ಬೆಳಿಗ್ಗೆ ಸೀರೆ ತೆಗೆದದ್ದು ಅದಕ್ಕೇ.

ಬಸ್ಸು ತುಂಬಿತ್ತು. ಕಾಕಾ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದರು. ನಾನು ಆಧಾರ್ ಕಾರ್ಡು ತೋರಿಸಿ ಹೆಂಗಸರ ಟಿಕೆಟು ತೆಗೆದುಕೊಂಡೆ. ಕಂಡಕ್ಟರ್ ಬಿಗಿ ಮುಖದ ಮನುಷ್ಯ, ಡಬ್ಬಿಯ ಕಡೆ ಬೆರಳು ಮಾಡಿದ.

"ಅಜ್ಜಾ, ಅದನ್ನ ಮ್ಯಾಲ ಲಗೇಜಿನ್ಯಾಗ ಇಡ್ರಿ. ಮಂದಿಗೆ ನಿಲ್ಲಾಕ ಜಾಗ ಇಲ್ಲ."

"ಇದು ಲಗೇಜ್ ಅಲ್ಲೋ ತಮ್ಮಾ."

"ಮತ್ತೇನ್ರಿ?"

ಕಾಕಾ ತಮ್ಮ ಹೊಸ ಕಣ್ಣೆತ್ತಿ ಅವನನ್ನು ಒಮ್ಮೆ ಮೇಲಿಂದ ಕೆಳಗಿನ ತನಕ ನೋಡಿದರು. "ನೀ ಶಲವಡಿಯಾಂವ ಅಲ್ಲ?"

"ಹೌದ್ರಿ."

"ನಿನ್ನ ಮದವಿ ಐತಿ ಇದ್ರಾಗ. ತಾಳಿ ಕಟ್ಟೂ ಮುಂದ ಕೈ ಎಷ್ಟ ನಡಗಾಕತ್ತಿತ್ತಂದ್ರ, ಕಡೀಕ ನಿಮ್ಮಕ್ಕ ಗಂಟು ಹಾಕಿದ್ಲು."

ಅಕ್ಕಪಕ್ಕದ ನಾಲ್ಕು ಸೀಟಿನವರು ತಿರುಗಿ ನೋಡಿದರು. ಕಂಡಕ್ಟರನ ಬಿಗಿ ಮುಖ ಸಡಿಲಾಯಿತು. ಕಾಕಾ ಬಿಡುವವರಲ್ಲ. "ಊಟಾದ ಮ್ಯಾಲ ದೋಸ್ತರ ಜೋಡಿ ಬಾಯಾಗ ಟವಲ್ ಕಚ್ಚಿ ನೆಲದ ಮ್ಯಾಲ ಹೊಳ್ಳಾಡಿ ಕುಣದೀ ನೋಡು, ಅದೂ ಐತಿ. ಪೂರಾ ಐತಿ."

ಈಗ ಬಸ್ಸಿನ ಅರ್ಧಕ್ಕರ್ಧ ಮಂದಿ ನಗುತ್ತಿದ್ದರು. ಕಂಡಕ್ಟರ್ ಬಗ್ಗಿ, ಮೆಲ್ಲಗೆ, "ಅಜ್ಜಾ, ಅದೊಂದಷ್ಟ ಅಳಸಾಕ ಬರೂದಿಲ್ಲೇನ್ರಿ?" ಎಂದ.

"ಅಳಸೂದಿದ್ರ ಇವ್ರ ಕೈಯಾಗ ಕೊಡಬೇಕು" ಎಂದು ಕಾಕಾ ಗದ್ದದಿಂದ ನನ್ನನ್ನು ತೋರಿಸಿದರು. "ನಮ್ಮ ಅಕ್ಕೋರು ಭಾಳ ಚಲೋ ಅಳಸ್ತಾರ."

ಎರಡು ವರ್ಷದಲ್ಲಿ ಕಾಕಾ ಆ ಮಾತೆತ್ತಿ ನಕ್ಕದ್ದು ಇದೇ ಮೊದಲು. ನಾನೂ ನಕ್ಕೆ. ಎಷ್ಟು ನಕ್ಕೆನೆಂದರೆ ಪಕ್ಕದ ಹೆಣ್ಣುಮಗಳು ಕುಡಿಯಲು ನೀರು ಕೊಟ್ಟಳು.

ಕಂಡಕ್ಟರ್ ಮುಂದೆ ಹೋಗಿ ಟಿಕೆಟು ಹರಿದ, ತಿರುಗಿ ಬಂದ, ಮತ್ತೆ ಹೋದ. ಕಡೆಗೆ ಕಾಕಾನ ಸೀಟಿನ ಕಂಬಿ ಹಿಡಿದು ನಿಂತು, "ನಮ್ಮವ್ವ ಕಾಣ್ತಾಳೇನ್ರಿ ಅದ್ರಾಗ?" ಎಂದು ಕೇಳಿದ.

"ಕಾಣ್ತಾಳಪಾ. ಹಸರ ಇಲಕಲ್ಲ ಸೀರಿ ಉಟಗೊಂಡು, ನಿನ್ನ ತಲಿ ಮ್ಯಾಲ ಅಕ್ಷತೆ ಹಾಕೂದ ಬಿಟ್ಟು ಅಯ್ಯನೋರ ತಲಿ ಮ್ಯಾಲ ಹಾಕ್ಯಾಳ. ಯಾವಾಗರ ಮನೀಗೆ ಬಾ, ತೋರಸ್ತೀವಿ."

ಅವನು ತಲೆಯಾಡಿಸಿದ. ಮತ್ತೆ ಡಬ್ಬಿಯ ಮಾತು ಎತ್ತಲಿಲ್ಲ.

ನವಲಗುಂದದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಇಳಿಯುವವರು ಹಿಂದಿನಿಂದ ಒತ್ತತೊಡಗಿದರು. ಕೆಳಗೆ ಶಬಾನಾ ಕೈ ಚಾಚಿ ನಿಂತಿದ್ದಳು. ಕಂಡಕ್ಟರ್ ಮಂದಿಯನ್ನು ಬಗೆದುಕೊಂಡು ಬಂದು, ಕಾಕಾನ ತೊಡೆಯ ಮೇಲಿಂದ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಎದೆಗೊತ್ತಿಕೊಂಡು, ಬಾಗಿಲಿಗೆ ಅಡ್ಡಲಾಗಿ ನಿಂತ.

"ತಡೀರಿ, ನೂಕಬ್ಯಾಡ್ರಿ" ಎಂದು ಎಲ್ಲರ ಮೇಲೆ ಹರಿಹಾಯ್ದ. "ಸಾವಕಾಶ ಇಳೀರಿ. ಒಳಗ ಮಂದಿ ಅದಾರ."